ಓದುಗರ ಪ್ರಶ್ನೆಗೆ ಉತ್ತರ: ಹೋದ ವರ್ಷದ ಧಾರಣೆ, ಈ ವರ್ಷದ ನಿರ್ಧಾರ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ಸಂಶೋಧನೆಯನ್ನು ಪರಿಚಯಿಸಿ ಕಳೆದ ಸಂಚಿಕೆಯಲ್ಲಿ ಬರೆದ ಲೇಖನಕ್ಕೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಆ ಲೇಖನವನ್ನು ಓದದವರಿಗಾಗಿ ಎರಡು ಮಾತು ಹೇಳಬೇಕು. ಕಾನೆಮನ್ ಮತ್ತು ಅವರ ಗೆಳೆಯ ಏಮಸ್ ಟ್ವೆರ್ಸ್ಕಿ 1979ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನುಷ್ಯ ತನ್ನ ಒಟ್ಟು ಆಸ್ತಿಯನ್ನು ಕೂಡಿ ಕಳೆದು ನಿರ್ಧಾರ ಮಾಡುವುದಿಲ್ಲ, ತಾನು ಎಲ್ಲಿ ನಿಂತಿದ್ದೇನೆಂದು ಭಾವಿಸಿದ್ದಾನೋ ಆ ನೆಲೆಯಿಂದ ಮೇಲಕ್ಕೆ ಲಾಭವನ್ನೂ ಕೆಳಕ್ಕೆ ನಷ್ಟವನ್ನೂ ಅಳೆಯುತ್ತಾನೆ, ಮತ್ತು ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ಹೆಚ್ಚು ತೂಗುತ್ತದೆ ಎಂಬುದು ಅದರ ತಿರುಳು. 1996ರಲ್ಲಿ ಟ್ವೆರ್ಸ್ಕಿ ತೀರಿಕೊಂಡರು. 2002ರಲ್ಲಿ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, 2024ರ ಮಾರ್ಚ್‌ನಲ್ಲಿ ಅವರೂ ಹೋದರು. ಇಲ್ಲಿನ ಪತ್ರಗಳಲ್ಲಿ ಹೆಚ್ಚಿನವು, ಬರೆದವರಿಗೆ ಅರಿವಿದ್ದೋ ಇಲ್ಲದೆಯೋ, ಈ 'ನಿಂತ ನೆಲೆ'ಯ ಕುರಿತೇ ಕೇಳುತ್ತವೆ.

ಪ್ರಶ್ನೆ: 2024ರಲ್ಲಿ ನನ್ನ ತೊಗರಿಯನ್ನು ಕ್ವಿಂಟಲ್‌ಗೆ 9,800 ರೂಪಾಯಿಯಂತೆ ಮಾರಿದ್ದೆ. ಮುಂದಿನ ಹಂಗಾಮಿನಲ್ಲಿ ಖರೀದಿ ಕೇಂದ್ರದವರು ತೆಗೆದುಕೊಂಡಷ್ಟನ್ನು ಅಲ್ಲಿಗೆ ಕೊಟ್ಟು, ಉಳಿದ 14 ಕ್ವಿಂಟಲನ್ನು 2025ರ ಫೆಬ್ರುವರಿಯಲ್ಲಿ ಕಲಬುರಗಿಯ ಗಂಜ್‌ಗೆ ತಂದಾಗ 7,300ಕ್ಕೆ ಕೇಳಿದರು. ಮನಸ್ಸೊಪ್ಪದೆ ಮರಳಿ ಮನೆಗೆ ಒಯ್ದೆ. ಆಗಸ್ಟ್‌ನಲ್ಲಿ ಸಾಲದವರ ಕಾಟ ತಾಳಲಾರದೆ 6,200ಕ್ಕೆ ಕೊಟ್ಟೆ. ಇದು ನನ್ನ ದಡ್ಡತನವೋ, ನೀವು ಬರೆದ ಸಂಶೋಧನೆಯಲ್ಲಿ ಇದಕ್ಕೆ ಬೇರೆ ವಿವರಣೆ ಇದೆಯೋ?
(ರೈತ ಓದುಗರು, ಜೇವರ್ಗಿ ತಾಲ್ಲೂಕು)

ಉತ್ತರ: ದಡ್ಡತನ ಖಂಡಿತ ಅಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಕಾಗದದ ಮೇಲೆ ಕೇಳಿದ ಪ್ರಶ್ನೆಯೊಂದನ್ನು ನೀವು ತೊಗರಿಯ ಚೀಲಗಳ ಮುಂದೆ ನಿಂತು ಎದುರಿಸಿದ್ದೀರಿ, ಆದ್ದರಿಂದಲೇ ನಿಮ್ಮ ಪತ್ರವನ್ನು ಮೊದಲಿಗೆ ಎತ್ತಿಕೊಂಡಿದ್ದೇನೆ. ಅವರು ಇಸ್ರೇಲಿನಲ್ಲಿ ಜನರ ಮುಂದೆ ಎರಡು ಆಯ್ಕೆಗಳನ್ನಿಟ್ಟರು. ಖಚಿತವಾಗಿ 3,000 ತೆಗೆದುಕೊಳ್ಳಿ, ಇಲ್ಲವೇ 4,000 ಸಿಗುವ ಸಂಭವ ನೂರಕ್ಕೆ 80 ಇರುವ, ಏನೂ ಸಿಗದಿರುವ ಸಂಭವ ನೂರಕ್ಕೆ 20 ಇರುವ ಪಂದ್ಯವನ್ನು ಆಡಿ. ನೂರಕ್ಕೆ 80 ಮಂದಿ ಖಚಿತವಾದ 3,000ವನ್ನೇ ಆರಿಸಿಕೊಂಡರು. ಬಳಿಕ ಅದೇ ಅಂಕಿಗಳನ್ನು ನಷ್ಟದ ಕಡೆಗೆ ತಿರುಗಿಸಿದರು. ಖಚಿತವಾಗಿ 3,000 ಕಳೆದುಕೊಳ್ಳುತ್ತೀರೋ, ಇಲ್ಲವೇ 4,000 ಹೋಗುವ ಸಂಭವ 80, ಏನೂ ಹೋಗದಿರುವ ಸಂಭವ 20 ಇರುವ ಪಂದ್ಯಕ್ಕೆ ಇಳಿಯುತ್ತೀರೋ ಎಂದು ಕೇಳಿದಾಗ ನೂರಕ್ಕೆ 92 ಮಂದಿ ಪಂದ್ಯಕ್ಕೆ ಇಳಿದರು. ಲಾಭ ಎದುರಿಗಿದ್ದರೆ ಮನುಷ್ಯ ಅಪಾಯಕ್ಕೆ ಹೆದರುತ್ತಾನೆ. ನಷ್ಟ ಎದುರಿಗಿದ್ದರೆ, ಅದನ್ನು ಒಪ್ಪಿಕೊಳ್ಳಲಾರದೆ, ಇನ್ನೂ ದೊಡ್ಡ ನಷ್ಟದ ಅಪಾಯವನ್ನು ತಾನಾಗಿಯೇ ಮೈಮೇಲೆ ಎಳೆದುಕೊಳ್ಳುತ್ತಾನೆ.

ಇಲ್ಲಿ ಕೇಳಬೇಕಾದದ್ದು, 7,300 ರೂಪಾಯಿ ನಿಮಗೆ ಲಾಭವಾಗಿ ಕಂಡಿತೋ ನಷ್ಟವಾಗಿ ಕಂಡಿತೋ ಎಂಬುದು. ಜನವರಿ, ಫೆಬ್ರುವರಿಯ ಬೆಳಿಗ್ಗೆ ನೆಹರು ಗಂಜ್‌ನ ಅಡತಿ ಅಂಗಡಿಗಳ ಮುಂದೆ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ವ್ಯಾಪಾರಿ ರಾಶಿಯೊಳಗೆ ಮೊಣಕೈತನಕ ತೋಳು ಇಳಿಸಿ ಅಡಿಯ ಕಾಳನ್ನು ಮೇಲಕ್ಕೆ ತರುತ್ತಾನೆ, ಈ ಅಂಗೈಯಿಂದ ಆ ಅಂಗೈಗೆ ಸುರುವಿ ಹೊಟ್ಟು ಊದುತ್ತಾನೆ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿಯೋ ಒಣಗಿದೆಯೋ ನೋಡುತ್ತಾನೆ. ಅಷ್ಟು ಹೊತ್ತೂ ರೈತನ ಕಣ್ಣು ಕಾಳಿನ ಮೇಲೆ ಇರುವುದಿಲ್ಲ, ವ್ಯಾಪಾರಿಯ ಮುಖದ ಮೇಲೆ ಇರುತ್ತದೆ. ಧಾರಣೆ ತಿಳಿದು ಅಡತಿಯವರು "ಕೊಡ್ತೀರೇನ್ರಿ?" ಎಂದು ಕೇಳುವ ಗಳಿಗೆಯಲ್ಲಿ ರೈತನ ಬಾಯಲ್ಲಿ ಮೊದಲು ಬರುವ ಮಾತು "ಹೋದ ವರ್ಷ ಎಷ್ಟಿತ್ತು" ಎಂಬುದೇ. ನಿಮ್ಮ ನೆಲೆ 9,800ರಲ್ಲಿ ನಿಂತುಬಿಟ್ಟಿತ್ತು. ಹಾಗಾಗಿ 7,300 ಎಂಬುದು ನಿಮ್ಮ ಕಿವಿಗೆ ಕ್ವಿಂಟಲ್‌ಗೆ 2,500ರ ನಷ್ಟವಾಗಿ ಕೇಳಿಸಿತು. ನಷ್ಟದ ಕಡೆ ನಿಂತವರು ಮಾಡುವುದನ್ನೇ ನೀವೂ ಮಾಡಿದಿರಿ, ಕಾಯುವ ಪಂದ್ಯಕ್ಕೆ ಇಳಿದಿರಿ.

ಇದು ರೈತರ ಗುಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೆರೆನ್ಸ್ ಓಡೀನ್ ಎಂಬ ಸಂಶೋಧಕರು ಅಮೆರಿಕದ ಷೇರು ದಲ್ಲಾಳಿ ಸಂಸ್ಥೆಯೊಂದರ 10,000 ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಬರೆದ ಪ್ರಬಂಧ ಇದನ್ನೇ ಹೇಳುತ್ತದೆ: ಬೆಲೆ ಏರಿದ ಷೇರನ್ನು ಜನ ಬೇಗನೆ ಮಾರುತ್ತಾರೆ, ಕೊಂಡ ಬೆಲೆಗಿಂತ ಇಳಿದ ಷೇರನ್ನು ಬಿಡಲಾರದೆ ಹಿಡಿದುಕೊಳ್ಳುತ್ತಾರೆ. ಬಾಸ್ಟನ್ ನಗರದಲ್ಲಿ 1990ರ ದಶಕದಲ್ಲಿ ಮನೆಗಳ ಬೆಲೆ ಕುಸಿದಾಗಲೂ, ಹಿಂದೆ ಹೆಚ್ಚಿನ ಬೆಲೆಗೆ ಕೊಂಡಿದ್ದವರು ಮಾರುಕಟ್ಟೆಗಿಂತ ಮೇಲಿನ ಬೆಲೆ ಹೇಳುತ್ತ ತಿಂಗಳುಗಟ್ಟಲೆ ಕಾದರು. ಓದಿದವರು, ಹಣವುಳ್ಳವರು, ಯಾರನ್ನೂ ಇದು ಬಿಟ್ಟಿಲ್ಲ.

ಮುಂದಿನ ಹಂಗಾಮಿಗೆ ಎರಡು ಮಾತು. ಧಾರಣೆ ಕೇಳಿದಾಗ ಹೋದ ವರ್ಷವನ್ನು ಬದಿಗಿಟ್ಟು, "ನನ್ನ ಹತ್ತಿರ ತೊಗರಿ ಇಲ್ಲ, ಇಷ್ಟು ದುಡ್ಡಿದೆ ಎಂದಾದರೆ ಇದೇ ಬೆಲೆಗೆ ತೊಗರಿ ಕೊಂಡು ಆರು ತಿಂಗಳು ಇಡುತ್ತಿದ್ದೆನೇ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎಂಬ ಉತ್ತರ ಬಂದರೆ, ಇಡುವುದಕ್ಕೆ ಹಳೆಯ ಧಾರಣೆಯ ನೆನಪಲ್ಲದೆ ಬೇರೆ ಕಾರಣವಿಲ್ಲ ಎಂದಾಯಿತು. ಇನ್ನೊಂದು, ಕಾಯುವುದಕ್ಕೆ ತಗಲುವ ಖರ್ಚನ್ನು ಬರೆದು ನೋಡಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಸಾಲ ತಲೆಯ ಮೇಲಿದ್ದರೆ ಆರು ತಿಂಗಳಲ್ಲಿ 7,300ರ ಮೇಲೆ 876 ರೂಪಾಯಿ ಬಡ್ಡಿಯೇ ಏರುತ್ತದೆ. ಅಂದರೆ ಆಗಸ್ಟ್‌ನಲ್ಲಿ 8,176 ಸಿಕ್ಕಿದ್ದರೂ ನೀವು ಫೆಬ್ರುವರಿಯಲ್ಲಿ ಇದ್ದಲ್ಲಿಯೇ ಇರುತ್ತಿದ್ದಿರಿ. ಒಣಗಿ ಇಳಿಯುವ ತೂಕ, ಕಾಳಿಗೆ ಬೀಳುವ ಹುಳು, ಗೋದಾಮಿನ ಬಾಡಿಗೆ, ಮತ್ತೊಮ್ಮೆ ಗಾಡಿ ಮತ್ತು ಹಮಾಲಿ, ಇವೆಲ್ಲ ಅದರ ಮೇಲೆ.

ಕಾಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾದವರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷಗಳನ್ನು ಗಂಜ್ ಕಂಡಿದೆ. ಆದರೆ ಆ ನಿರ್ಧಾರ ಮುಂದಿನ ಸುದ್ದಿಯನ್ನು ನೋಡಿ ಆಗಬೇಕು. ಆ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ 7,550 ಎಂದು ಮೊದಲೇ ಗೊತ್ತಿತ್ತು. ತೊಗರಿಯ ಸುಂಕರಹಿತ ಆಮದಿನ ಅವಧಿಯನ್ನು 2026ರ ಮಾರ್ಚ್ ತನಕ ವಿಸ್ತರಿಸಿದ ಸುದ್ದಿ 2025ರ ಜನವರಿಯಲ್ಲಿಯೇ ಬಂದಿತ್ತು. ಧಾರಣೆ ಹತ್ತು ಸಾವಿರಕ್ಕೆ ಮರಳುವುದು ಕಷ್ಟವೆಂದು ಈ ಎರಡೂ ಹೇಳುತ್ತಿದ್ದವು. ಮನಸ್ಸು ಎರಡಾದಾಗ ಅರ್ಧ ಮಾರಿ ಅರ್ಧ ಇಡುವ ಹಿರಿಯರ ಪದ್ಧತಿ ಇಂದಿಗೂ ಒಳ್ಳೆಯದು. ಅದರಿಂದ ಅತಿ ಹೆಚ್ಚಿನ ಲಾಭ ಸಿಗಲಿಕ್ಕಿಲ್ಲ, ಆದರೆ ಸಾಲ ಕೊಟ್ಟವರು ಬಾಗಿಲಿಗೆ ಬಂದ ದಿನ ಇದ್ದದ್ದೆಲ್ಲವನ್ನೂ ಸಿಕ್ಕ ಬೆಲೆಗೆ ಕೊಡುವ ಪ್ರಸಂಗ ಬರುವುದಿಲ್ಲ.

ಪ್ರಶ್ನೆ: 4,800 ರೂಪಾಯಿಯನ್ನು ಗೀಟು ಹೊಡೆದು 2,900 ಎಂದು ಬರೆದಿದ್ದ ಸೀರೆಯನ್ನು ಸಂತೋಷದಿಂದ ಕೊಂಡೆ. ಅದೇ ಸೀರೆ ಪಕ್ಕದ ಓಣಿಯಲ್ಲಿ ಗೀಟು ಹೊಡೆಯದೆಯೇ 2,600ಕ್ಕೆ ಇತ್ತು. ಇಪ್ಪತ್ತು ವರ್ಷದಿಂದ ಸೀರೆ ಕೊಳ್ಳುತ್ತಿರುವ ನಾನು ಹೇಗೆ ಮೋಸಹೋದೆ?
(ಗೃಹಿಣಿ, ಕಲಬುರಗಿ)

ಉತ್ತರ: ಅನುಭವವಿದ್ದರೆ ಇದರಿಂದ ಪಾರಾಗಬಹುದು ಎಂಬ ನಂಬಿಕೆಯೇ ತಪ್ಪು. 1974ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕಾನೆಮನ್ ಮತ್ತು ಟ್ವೆರ್ಸ್ಕಿ ಒಂದು ಚಕ್ರದ ಪ್ರಯೋಗವನ್ನು ವಿವರಿಸಿದ್ದಾರೆ. ಜನರ ಎದುರಿಗೇ ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಶೇಕಡಾ ಎಷ್ಟು ಆಫ್ರಿಕದವು ಎಂದು ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನರ ಅಂದಾಜು ಸುಮಾರು 25, 65ಕ್ಕೆ ನಿಂತಾಗ ಸುಮಾರು 45. ಚಕ್ರಕ್ಕೂ ಆಫ್ರಿಕಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಮೊದಲು ಕಂಡ ಅಂಕಿ ಮನಸ್ಸಿಗೆ ಗೂಟ ಹೊಡೆದಂತೆ ಊರಿಕೊಂಡಿತು. 1987ರಲ್ಲಿ ಅಮೆರಿಕದ ಟುಸಾನ್ ನಗರದಲ್ಲಿ ಮನೆ ಮಾರಾಟದ ದಲ್ಲಾಳಿಗಳಿಗೆ ಒಂದೇ ಮನೆಯನ್ನು ಬೇರೆ ಬೇರೆ ಬೆಲೆ ಬರೆದು ತೋರಿಸಿ ಮೌಲ್ಯ ಕಟ್ಟಲು ಹೇಳಿದಾಗ, ಬರೆದ ಬೆಲೆ ಹೆಚ್ಚಿದ್ದಲ್ಲಿ ಅವರು ಕಟ್ಟಿದ ಮೌಲ್ಯವೂ ಹೆಚ್ಚಿತು. ಆ ಬೆಲೆಯನ್ನು ತಾವು ಲೆಕ್ಕಕ್ಕೇ ಹಿಡಿದಿಲ್ಲ ಎಂದು ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕವಾಗಿ ನಂಬಿದ್ದರು.

ನಮ್ಮ ಬಟ್ಟೆ ಅಂಗಡಿಗಳಲ್ಲಿ ಗೀಟಿನ ಅಗತ್ಯವೂ ಇಲ್ಲ. ಬಿಳಿ ಗಾದಿಯ ಮೇಲೆ ಕುಳಿತ ಕೂಡಲೇ ಒಂಬತ್ತು ಸಾವಿರದ ರೇಷ್ಮೆಯನ್ನು ನಿಮ್ಮ ಮೊಣಕಾಲಿನ ಮೇಲೆ ಹರವಿ, "ತಗೋಬ್ಯಾಡ್ರಿ ಅಕ್ಕಾ, ಬರೇ ನೋಡ್ರಿ" ಎನ್ನುವಾಗಲೇ ಗೂಟ ಬಿದ್ದಿರುತ್ತದೆ. ಆಮೇಲೆ ಬರುವ ಮೂರು ಸಾವಿರದ ಸೀರೆ ಅಗ್ಗವಾಗಿ ಕಾಣುತ್ತದೆ. ಎಷ್ಟು ಹಣದೊಳಗೆ ಕೊಳ್ಳಬೇಕೆಂಬುದನ್ನು ಮನೆಯಲ್ಲಿಯೇ ಚೀಟಿಯಲ್ಲಿ ಬರೆದು ಒಯ್ಯಿರಿ, ಮೊದಲು ಆ ಮೊತ್ತವನ್ನು ನೀವೇ ಬಾಯಿಬಿಟ್ಟು ಹೇಳಿ. ಆನ್‌ಲೈನ್ ಖರೀದಿಯಲ್ಲಿ "ಇನ್ನು ಎರಡೇ ಉಳಿದಿವೆ" ಎಂಬ ಸುಳ್ಳು ಅವಸರ, ಕೊನೆಯಲ್ಲಿ ಬಂದು ಸೇರುವ ಶುಲ್ಕ, ಕೇಳದೆ ಬುಟ್ಟಿಗೆ ಬೀಳುವ ವಸ್ತು, ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ದೂರಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ಪ್ರಶ್ನೆ: ಮಗಳ ಮದುವೆಯಲ್ಲಿ ಕೊತ್ತಂಬರಿಗೆ ಹತ್ತು ರೂಪಾಯಿ ಚೌಕಾಸಿ ಮಾಡಿದ ನಾನು ಮಂಟಪದವರು ಎಂಟು ಸಾವಿರ ಹೆಚ್ಚಿಗೆ ಹೇಳಿದಾಗ ಸುಮ್ಮನೆ ಒಪ್ಪಿದೆ. ಹೀಗೇಕೆ?
(ನಿವೃತ್ತ ನೌಕರರು, ಯಾದಗಿರಿ)

ಉತ್ತರ: ಹತ್ತು ರೂಪಾಯಿಯನ್ನು ನೀವು ಕೊತ್ತಂಬರಿಯ ಪಕ್ಕದಲ್ಲಿ ಇಟ್ಟು ನೋಡಿದಿರಿ, ಎಂಟು ಸಾವಿರವನ್ನು ಮದುವೆಯ ಲಕ್ಷಗಳ ಪಕ್ಕದಲ್ಲಿ ಇಟ್ಟು ನೋಡಿದಿರಿ. 15 ಡಾಲರಿನ ಕ್ಯಾಲ್ಕುಲೇಟರ್ ಮೇಲೆ 5 ಡಾಲರ್ ಉಳಿಯುವುದಾದರೆ ಇಪ್ಪತ್ತು ನಿಮಿಷ ದೂರದ ಅಂಗಡಿಗೆ ಹೋಗುತ್ತೇವೆ ಎಂದವರು ನೂರಕ್ಕೆ 68 ಮಂದಿ. ಅದೇ 5 ಡಾಲರ್ 125 ಡಾಲರಿನ ವಸ್ತುವಿನ ಮೇಲೆ ಉಳಿಯುವುದಾದರೆ ಹೋಗುತ್ತೇವೆ ಎಂದವರು 29. ಟ್ವೆರ್ಸ್ಕಿ ಮತ್ತು ಕಾನೆಮನ್ ಇದನ್ನು 1981ರಲ್ಲಿ ಪ್ರಕಟಿಸಿದರು.

ಪ್ರಶ್ನೆ: ಕಬ್ಬಿನ ಬಿಲ್ಲು ಬರುವ ತನಕ ನಮ್ಮ ಮನೆ ಉದ್ರಿಯ ಮೇಲೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ಅಪ್ಪ ಹೆಚ್ಚಿನ ಬಡ್ಡಿಗೆ ಸಾಲ ತರುತ್ತಾರೆ, ಎಣ್ಣೆಯನ್ನೂ ಚಹಾಪುಡಿಯನ್ನೂ ಸಣ್ಣ ಪ್ಯಾಕೆಟ್‌ಗಳಲ್ಲಿ ದುಬಾರಿಯಾಗಿ ಕೊಳ್ಳುತ್ತಾರೆ. "ಬಡವರಿಗೆ ಲೆಕ್ಕ ತಿಳಿಯುವುದಿಲ್ಲ, ಅದಕ್ಕೇ ಬಡವರಾಗಿದ್ದಾರೆ" ಎಂದು ಒಬ್ಬರು ನನ್ನೆದುರಿಗೇ ಹೇಳಿದರು. ಶಾಸ್ತ್ರ ಏನು ಹೇಳುತ್ತದೆ?
(ಬಿ.ಕಾಂ. ವಿದ್ಯಾರ್ಥಿನಿ, ಭಾಲ್ಕಿ)

ಉತ್ತರ: ಮಗಳೇ, ನಿನ್ನ ತಂದೆಯಂಥ ಕಬ್ಬು ಬೆಳೆಗಾರರನ್ನೇ ಹುಡುಕಿಕೊಂಡು ಹೋಗಿ ಮಾಡಿದ ಅಧ್ಯಯನವೊಂದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮತ್ತು ಜಿಯಾಯಿಂಗ್ ಜಾವೊ ಅವರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಿನ ನಂತರ ಒಮ್ಮೆ ಭೇಟಿಯಾಗಿ, ಚಿತ್ರಗಳಲ್ಲಿ ಬಿಟ್ಟುಹೋದ ಭಾಗವನ್ನು ಗುರುತಿಸುವಂಥ ಬುದ್ಧಿಪರೀಕ್ಷೆಗಳನ್ನು ಕೊಟ್ಟರು. ಫಲಿತಾಂಶ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೈಯಲ್ಲಿ ದುಡ್ಡಿಲ್ಲದ ದಿನಗಳಲ್ಲಿ ಕಡಿಮೆ ಅಂಕ ಪಡೆದ ರೈತರೇ ಹಣ ಬಂದ ಮೇಲೆ ಹೆಚ್ಚು ಅಂಕ ಪಡೆದರು. ವ್ಯಕ್ತಿ ಅವನೇ, ಓದು ಅಷ್ಟೇ, ತಲೆಯೂ ಅದೇ. ಸಾಲದ ಕಂತು, ಮಕ್ಕಳ ಫೀಜು, ಕಿರಾಣಿ ಅಂಗಡಿಯವನ ಖಾತೆ, ಇವು ಮನಸ್ಸಿನ ಬಹುಭಾಗವನ್ನು ಆಕ್ರಮಿಸಿಕೊಂಡಾಗ ಉಳಿದ ನಿರ್ಧಾರಗಳಿಗೆ ಜಾಗ ಸಾಲುವುದಿಲ್ಲ ಎಂಬುದು ಆ ಸಂಶೋಧಕರ ವಿವರಣೆ. ಅಮೆರಿಕದಲ್ಲಿ ಸಂಬಳದ ದಿನಕ್ಕೆ ಮೊದಲು ಮತ್ತು ನಂತರ ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ನಿನಗೆ ಹೇಳಬೇಕು. ತಿಂಗಳ ಸಂಬಳದ ಎರಡು ವಾರದ ಬಿಗಿತಕ್ಕೂ ವರ್ಷಕ್ಕೊಮ್ಮೆ ಬರುವ ಕಬ್ಬಿನ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವುದಕ್ಕೂ ಅಂತರ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಇನ್ನು ಲೆಕ್ಕ ತಿಳಿಯದಿರುವ ಮಾತು. ಮೇಲೆ ಯಾದಗಿರಿಯ ಓದುಗರಿಗೆ ಹೇಳಿದ ಬಗೆಯ ಪ್ರಶ್ನೆಗಳನ್ನೇ ಅನುಜ್ ಶಾ, ಶಫೀರ್ ಮತ್ತು ಮುಲ್ಲೈನಾಥನ್ ಬಡವರಿಗೂ ಉಳ್ಳವರಿಗೂ ಕೇಳಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಸ್ತು ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಉಳಿಯುವ ದುಡ್ಡಿನ ಬೆಲೆ ಒಂದೇ ಎಂಬಂತೆ ಉತ್ತರಿಸಿದವರು ಹೆಚ್ಚಾಗಿ ಬಡವರು. ಲೆಕ್ಕ ತಪ್ಪಿದವರು ಹೆಚ್ಚಾಗಿ ಉಳ್ಳವರು. ನಿನ್ನ ತಂದೆ ಸಣ್ಣ ಪ್ಯಾಕೆಟ್ ಕೊಳ್ಳುವುದು ದೊಡ್ಡ ಪ್ಯಾಕೆಟ್ ಅಗ್ಗವೆಂದು ತಿಳಿಯದೆ ಅಲ್ಲ, ಇಂದು ಕೈಯಲ್ಲಿರುವುದು ಅಷ್ಟೇ ಆದ್ದರಿಂದ. ನೀನು ಬಿ.ಕಾಂ. ಓದುತ್ತಿರುವೆ. ಬಿಲ್ಲು ಬಂದ ವಾರದಲ್ಲಿ, ಮನೆಯವರ ಮನಸ್ಸು ಹಗುರವಾಗಿರುವಾಗ, ಅಪ್ಪನೊಡನೆ ಕುಳಿತು ಮುಂದಿನ ಹಂಗಾಮಿನ ತನಕದ ಎಣ್ಣೆ, ಬೇಳೆ, ಬೀಜ, ಗೊಬ್ಬರದ ಹಣವನ್ನು ಬೇರೆ ತೆಗೆದಿಡು. ಕಠಿಣ ನಿರ್ಧಾರಗಳನ್ನು ಕಷ್ಟದ ತಿಂಗಳಿಗೆ ಉಳಿಸಬೇಡ. ಹಾಗೆ ಹೇಳಿದವರಿಗೆ ಈ ಪುಟವನ್ನು ತೋರಿಸು.

ಪ್ರಶ್ನೆ: ಇಂಥ ಪ್ರಯೋಗಗಳಲ್ಲಿ ಹಲವು ಮರುಪರೀಕ್ಷೆಯಲ್ಲಿ ಸೋತಿವೆ ಎಂದು ಓದಿದ್ದೇನೆ. ನಾವು ಯಾವುದನ್ನು ನಂಬಬೇಕು?
(ಪ್ರೌಢಶಾಲಾ ಶಿಕ್ಷಕರು, ಬೀದರ್)

ಉತ್ತರ: ನೀವು ಓದಿದ್ದು ನಿಜ. ಆಯ್ಕೆ ಹೆಚ್ಚಿದಷ್ಟೂ ಗ್ರಾಹಕ ಕೊಳ್ಳದೆ ಹೋಗುತ್ತಾನೆ ಎಂಬ ಮಾತಿಗೆ ಎಲ್ಲರೂ ಉದಾಹರಿಸುವುದು ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗವನ್ನು. ಕ್ಯಾಲಿಫೋರ್ನಿಯದ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ನೂರಕ್ಕೆ 3 ಮಂದಿ ಕೊಂಡರು, 6 ಬಗೆ ಇಟ್ಟಾಗ 30 ಮಂದಿ ಕೊಂಡರು. ಆದರೆ 2010ರಲ್ಲಿ ಇಂಥ ಸುಮಾರು ಐವತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ತನಗೆ ಏನು ಬೇಕೆಂದು ಗ್ರಾಹಕನಿಗೇ ಸ್ಪಷ್ಟವಿಲ್ಲದಾಗ ಮತ್ತು ಆಯ್ಕೆಗಳನ್ನು ಹೋಲಿಸುವುದು ಕಷ್ಟವಾದಾಗ ಮಾತ್ರ ಈ ಗೊಂದಲ ಎದ್ದು ಕಾಣುತ್ತದೆ ಎಂಬುದು ಆಮೇಲಿನ ತಿಳಿವಳಿಕೆ. ಪ್ರಾಮಾಣಿಕತೆಯ ಕುರಿತೇ ಆಗಿದ್ದ 2012ರ ಪ್ರಸಿದ್ಧ ಪ್ರಬಂಧವೊಂದನ್ನು, ಅದರ ದತ್ತಾಂಶ ನಂಬಲರ್ಹವಲ್ಲವೆಂದು ಕಂಡುಬಂದ ಮೇಲೆ, 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಸ್ವತಃ ಕಾನೆಮನ್ ಕೂಡ, ಸಣ್ಣ ಗುಂಪುಗಳ ಮೇಲೆ ನಡೆದ ಕೆಲವು ಅಧ್ಯಯನಗಳನ್ನು ತಾವು ಅತಿಯಾಗಿ ನಂಬಿ ಬರೆದದ್ದು ತಪ್ಪೆಂದು 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಎಂಬತ್ತು ದಾಟಿದ, ನೊಬೆಲ್ ಪಡೆದ ವಿದ್ವಾಂಸರು ಹಾಗೆ ಬರೆದದ್ದನ್ನು ಓದಿ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಆದರೆ ಜೇವರ್ಗಿಯ ರೈತರಿಗೆ ನಾನು ಆಧಾರವಾಗಿ ಹೇಳಿದ 1979ರ ಪ್ರಬಂಧ ಆ ಸಾಲಿಗೆ ಸೇರುವುದಿಲ್ಲ. 2020ರಲ್ಲಿ ಅದರ ಪ್ರಶ್ನೆಗಳನ್ನೇ 19 ದೇಶಗಳಲ್ಲಿ, 13 ಭಾಷೆಗಳಲ್ಲಿ, 4,098 ಮಂದಿಗೆ ಮತ್ತೆ ಕೇಳಲಾಯಿತು. ಪರಿಣಾಮದ ಪ್ರಮಾಣ ಕೆಲವೆಡೆ ತಗ್ಗಿತಾದರೂ ಹೆಚ್ಚುಕಡಿಮೆ ಎಲ್ಲ ಫಲಿತಾಂಶಗಳೂ ನಿಂತವು. ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಹೇಳುವಾಗ ಪ್ರಯೋಗ ಎಷ್ಟು ಮಂದಿಯ ಮೇಲೆ ನಡೆಯಿತು, ಬೇರೆಯವರು ಮಾಡಿದಾಗಲೂ ಹಾಗೆಯೇ ಬಂತೇ ಎಂಬ ಎರಡು ಪ್ರಶ್ನೆಗಳನ್ನು ಕಲಿಸಿದರೆ ಸಾಕು.

ಪ್ರಶ್ನೆ: ನಮ್ಮದು ಬಿದರಿ ಸಾಮಾನಿನ ಸಣ್ಣ ಅಂಗಡಿ. ಎರಡು ಹೂಜಿಗಳ ಪಕ್ಕದಲ್ಲಿ ಬಹು ದುಬಾರಿಯಾದ ಮೂರನೆಯದನ್ನು ಇಟ್ಟರೆ ನಡುವಿನದು ಹೆಚ್ಚು ಮಾರಾಟವಾಗುತ್ತದೆ ಎಂದು ಮಗ ಹೇಳುತ್ತಾನೆ, ಹಳೆಯ ಬೆಲೆಗೆ ಗೀಟು ಹೊಡೆದು ಬರೆಯೋಣ ಎಂದೂ ಹೇಳುತ್ತಾನೆ. ಇದು ಗ್ರಾಹಕರಿಗೆ ಮೋಸವಲ್ಲವೇ?
(ವ್ಯಾಪಾರಿ, ಬೀದರ್)

ಉತ್ತರ: ನಿಮ್ಮ ಮಗ ಹೇಳಿದ ಮೊದಲ ಮಾತು ಸರಿ. ತುದಿಗಳನ್ನು ಬಿಟ್ಟು ನಡುವಿನದನ್ನು ಆರಿಸುವ ಒಲವನ್ನು ಇಟಮಾರ್ ಸೈಮನ್ಸನ್ 1989ರಲ್ಲಿಯೇ ತೋರಿಸಿದ್ದಾರೆ. ಮೂರನೆಯ ಹೂಜಿ ನಿಜವಾಗಿಯೂ ಅಷ್ಟು ಬೆಲೆಬಾಳುವುದಾಗಿದ್ದು, ಕೇಳಿದವರಿಗೆ ನೀವು ಅದನ್ನು ಕೊಡಲು ಸಿದ್ಧರಿದ್ದರೆ ಅದನ್ನು ಇಡುವುದರಲ್ಲಿ ತಪ್ಪಿಲ್ಲ. ಗೀಟಿನ ಮಾತು ಬೇರೆ. ಯಾರಿಂದಲೂ ಎಂದೂ ಪಡೆಯದ ಬೆಲೆಯನ್ನು ಬರೆದು ಗೀಟು ಹೊಡೆಯುವುದು ಸುಳ್ಳು, ಮತ್ತು ತಪ್ಪುದಾರಿಗೆ ಎಳೆಯುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪರಾಧವೆಂದೇ ಎಣಿಸುತ್ತದೆ. ಅದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಿದರಿಗೆ ಅದರ ಅಗತ್ಯವೂ ಇಲ್ಲ. ಹೊರಗಿನಿಂದ ಬಂದ ಗ್ರಾಹಕರು ನಿಮ್ಮ ಹೂಜಿಯನ್ನು ಜಾತ್ರೆಯಲ್ಲಿ ಕಂಡ ಕಪ್ಪು ಬಣ್ಣದ ಲೋಹದ ಹೂದಾನಿಯ ಪಕ್ಕದಲ್ಲಿ ಮನಸ್ಸಿನಲ್ಲೇ ಇಟ್ಟು ನೋಡುತ್ತಾರೆ, ಆದ್ದರಿಂದಲೇ ಬೆಲೆ ಕೇಳಿ ಬೆಚ್ಚುತ್ತಾರೆ. ಪ್ರತಿ ವಸ್ತುವಿನ ಮುಂದೆ ಒಂದು ಚೀಟಿ ಇಡಿ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದದ್ದು, ಉಳಿಯಲ್ಲಿ ಕೆತ್ತಿದ ಗೆರೆಗಳೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿದ್ದು, ಬೀದರ್ ಕೋಟೆಯ ಮಣ್ಣಿನಿಂದ ಈ ಕಪ್ಪು ಬಂದದ್ದು ಎಂದು ಬರೆಯಿರಿ. ಅದರ ಕೆಳಗೆ ಈ ಹೂಜಿಗೆ ಹಿಡಿದ ಬೆಳ್ಳಿ ಎಷ್ಟು ಗ್ರಾಂ, ಕೆತ್ತಲು ಎಷ್ಟು ದಿನ ಬೇಕಾಯಿತು ಎಂಬ ಎರಡು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದು, ಬೆಲೆಯನ್ನು ಅವುಗಳ ನಂತರ ಬರೆಯಿರಿ.